ಕಾಲು ಇದ್ದಷ್ಟು ಸೀಟು ಏರಿಸು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಗಾದೆ. ಸಂಸಾರಕ್ಕೆ, ಸಾಲಕ್ಕೆ, ಮದುವೆಯ ಖರ್ಚಿಗೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಸೈಕಲ್ಲಿನ ವಿಷಯಕ್ಕೆ ಬಂದಾಗ ಗಾದೆಯನ್ನು ತಿರುಗಿಸಿ ಓದಬೇಕಾಗುತ್ತದೆ. ಇಲ್ಲಿ ಕಾಲನ್ನು ಮುದುರಿಕೊಳ್ಳುವಂತಿಲ್ಲ. ಕಾಲಿಗೆ ತಕ್ಕಂತೆ ಸೈಕಲ್ಲನ್ನೇ ಹೊಂದಿಸಿಕೊಳ್ಳಬೇಕು.

ಅಂಗಿ ಹೊಲಿಸಲು ಹೋದರೆ ದರ್ಜಿ ಟೇಪು ಹಿಡಿದು ಕುತ್ತಿಗೆ, ಎದೆ, ತೋಳು ಎಲ್ಲವನ್ನೂ ಅಳೆಯುತ್ತಾನೆ. ಚಪ್ಪಲಿ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡದೆ ನಾವು ದುಡ್ಡು ಕೊಡುವುದಿಲ್ಲ. ಸೈಕಲ್ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತೇವೆ, ಕಂಪನಿಯ ಹೆಸರು ನೋಡುತ್ತೇವೆ, ಬೆಲೆ ಚೌಕಾಸಿ ಮಾಡುತ್ತೇವೆ. ಮಗನ ಕಾಲಿನ ಉದ್ದ ಎಷ್ಟು, ಮಗಳ ತೋಳು ಹ್ಯಾಂಡಲ್ಲಿಗೆ ಸರಿಯಾಗಿ ಎಟುಕುತ್ತದೆಯೇ ಎಂದು ಕೇಳುವವರು ಕಡಿಮೆ. "ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಇರಲಿ" ಎಂದು ಯೂನಿಫಾರಂ ಕೊಂಡ ಹಾಗೆ ಸೈಕಲ್ಲನ್ನೂ ಕೊಂಡುಬಿಡುತ್ತೇವೆ. ಇಲ್ಲವೇ ಅಣ್ಣನ ಹಳೆಯ ಸೈಕಲ್ಲನ್ನು ತಂಗಿಗೆ ದಾಟಿಸುತ್ತೇವೆ.

ಆಮೇಲೆ ಮಕ್ಕಳು ಮೊಣಕಾಲು ನೋವು ಎನ್ನುತ್ತಾರೆ, ಸೊಂಟ ಹಿಡಿದಿದೆ ಎನ್ನುತ್ತಾರೆ. ಕೈಬೆರಳು ಜೋಮು ಹಿಡಿಯಿತು ಎಂದು ಕೊಡವುತ್ತಾರೆ. ಸೈಕಲ್ ತುಳಿದ ಮೇಲೆ ಕಾಲು ನೋಯದೆ ಇರುತ್ತದೆಯೇ ಎಂದು ದೊಡ್ಡವರು ತಳ್ಳಿಹಾಕುತ್ತಾರೆ. ಹೊಸದಾಗಿ ತುಳಿಯುವವರ ತೊಡೆಯ ಸ್ನಾಯುಗಳು ನೋಯುವುದು ಸಹಜ. ಆ ನೋವು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಕೀಲಿನ ಒಂದೇ ಜಾಗದಲ್ಲಿ, ಪ್ರತಿದಿನ, ತುಳಿದಾಗಲೆಲ್ಲ ಮರುಕಳಿಸುವ ನೋವು ಬೇರೆಯೇ ಬಗೆಯದು. ಸೈಕಲ್ಲಿಗೂ ದೇಹಕ್ಕೂ ಎಲ್ಲೋ ಹೊಂದಾಣಿಕೆ ತಪ್ಪಿದೆ ಎಂಬುದಕ್ಕೆ ಅದು ಸೂಚನೆಯಾಗಿರಬಹುದು.

ಒಂದು ಸಣ್ಣ ಲೆಕ್ಕ ಮಾಡೋಣ. ಗೇರಿಲ್ಲದ ಸಾಧಾರಣ ಸೈಕಲ್ಲಿನಲ್ಲಿ ಪೆಡಲ್ಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್ ಮುಂದೆ ಹೋಗುತ್ತೇವೆ ಎಂದಿಟ್ಟುಕೊಳ್ಳಿ. ಶಾಲೆ 5 ಕಿಲೋಮೀಟರ್ ದೂರವಿದ್ದರೆ ಹೋಗಲು 1000 ಸುತ್ತು, ಬರಲು 1000 ಸುತ್ತು. ವರ್ಷಕ್ಕೆ 220 ದಿನ ಶಾಲೆ ಎಂದರೂ 4,40,000 ಸುತ್ತು. ಅಂದರೆ ಒಂದೊಂದು ಮೊಣಕಾಲೂ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಬಾರಿ ಮಡಚಿ ಬಿಚ್ಚುತ್ತದೆ. ಒಂದು ಬಾರಿಗೆ ಏನೂ ಅನ್ನಿಸದ ಸಣ್ಣ ತಪ್ಪು, ನಾಲ್ಕು ಲಕ್ಷ ಬಾರಿ ಆದಾಗ ನೋವಾಗದೆ ಇರುತ್ತದೆಯೇ?

ಚಕ್ರವೇ ಕಾಲಿನ ಅಳತೆಯಾಗಿದ್ದ ಕಾಲ

ಸೈಕಲ್ಲನ್ನು ಸವಾರನ ದೇಹಕ್ಕೆ ಹೊಂದಿಸುವ ಕೆಲಸಕ್ಕೆ ಇಂದು ‘ಬೈಕ್ ಫಿಟ್’ ಎಂದು ಹೆಸರು. ಅದನ್ನೇ ಉದ್ಯೋಗ ಮಾಡಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ. ಹೆಸರು ಹೊಸದಾದರೂ ವಿಚಾರ ಹಳೆಯದು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಓಡಾಡುತ್ತಿದ್ದ ಎತ್ತರದ ಸೈಕಲ್ಲಿನ ಚಿತ್ರವನ್ನು ನೀವು ನೋಡಿರಬಹುದು. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ಅದಕ್ಕೆ ಚೈನು ಇರಲಿಲ್ಲ. ಪೆಡಲ್ಲುಗಳು ಮುಂದಿನ ಚಕ್ರದ ನಡುವಿಗೇ ಜೋಡಿಸಿದ್ದವು. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹಾಗಾಗಿ ವೇಗ ಬೇಕೆಂದರೆ ದೊಡ್ಡ ಚಕ್ರವೇ ಬೇಕು. ಆದರೆ ಎಷ್ಟು ದೊಡ್ಡದು? ಸವಾರನ ಕಾಲು ಪೆಡಲ್ಲಿಗೆ ಎಟುಕುವಷ್ಟು ಮಾತ್ರ! ಆದ್ದರಿಂದ ಆಗ ಕಾಲಿನ ಉದ್ದ ಅಳೆದೇ ಚಕ್ರದ ಗಾತ್ರ ಆರಿಸಿಕೊಳ್ಳಬೇಕಾಗಿತ್ತು. ಉದ್ದ ಕಾಲಿನವನಿಗೆ ದೊಡ್ಡ ಚಕ್ರ, ಗಿಡ್ಡ ಕಾಲಿನವನಿಗೆ ಚಿಕ್ಕ ಚಕ್ರ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ‘ರೋವರ್’ ಎಂಬ ಸೈಕಲ್ಲನ್ನು ಹೊರತಂದ. ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಚಕ್ರ, ನಡುವೆ ಪೆಡಲ್, ಹಿಂದಿನ ಚಕ್ರಕ್ಕೆ ಚೈನು. ಇಂದಿನ ಸೈಕಲ್ಲುಗಳೆಲ್ಲ ಇದರ ಸಂತಾನವೇ. ಚೈನು ಬಂದ ಮೇಲೆ ಚಕ್ರದ ಗಾತ್ರಕ್ಕೂ ಕಾಲಿನ ಉದ್ದಕ್ಕೂ ಇದ್ದ ನಂಟು ಕಡಿದುಹೋಯಿತು. ಒಂದೇ ಅಳತೆಯ ಸೈಕಲ್ಲನ್ನು ಬೇರೆ ಬೇರೆ ಎತ್ತರದವರಿಗೆ ಮಾರುವುದು ಸಾಧ್ಯವಾಯಿತು. ಹೊಂದಾಣಿಕೆಯ ಹೊಣೆಯೆಲ್ಲ ಸೀಟಿನ ಕೆಳಗಿರುವ ಆ ಕೊಳವೆ ಮತ್ತು ಒಂದು ಬೋಲ್ಟಿನ ಮೇಲೆ ಬಿತ್ತು. ನಮ್ಮಲ್ಲಿ ಅನೇಕರು ಆ ಬೋಲ್ಟನ್ನು ಸೈಕಲ್ ಕೊಂಡ ದಿನದಿಂದ ಮುಟ್ಟಿಯೇ ಇರುವುದಿಲ್ಲ.

ನಮ್ಮ ತಲೆಮಾರಿನವರು ಸೈಕಲ್ ಕಲಿತದ್ದು ಅಪ್ಪನ ದೊಡ್ಡ ಸೈಕಲ್ಲಿನಲ್ಲಿ, ಅಡ್ಡ ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡಲ್’ ಹೊಡೆಯುತ್ತಾ. ಹಾಗೂ ಕಲಿತೆವಲ್ಲ, ಈಗಿನ ಮಕ್ಕಳಿಗೇಕೆ ಅಳತೆ ಎಂದು ಕೆಲವರು ಕೇಳುತ್ತಾರೆ. ಒಳಪೆಡಲ್ ಹೊಡೆದದ್ದು ಆಟಕ್ಕೆ, ಅರ್ಧ ಗಂಟೆ. ಶಾಲೆಯ ದಾರಿ ಹಾಗಲ್ಲ, ಅದು ಪ್ರತಿದಿನದ್ದು.

ನೋವು ಎಲ್ಲಿಂದ ಬರುತ್ತದೆ?

ಶಾಲೆಯಲ್ಲಿ ಹೋಮ್‌ವರ್ಕ್ ಮಾಡದಿದ್ದಾಗ ಬಸ್ಕಿ ಹೊಡೆದವರಿಗೆ ಈ ವಿಜ್ಞಾನ ಬೇಗ ಅರ್ಥವಾಗುತ್ತದೆ. ಅರ್ಧ ಕುಳಿತು ಎದ್ದರೆ ಅಷ್ಟು ಕಷ್ಟವಿಲ್ಲ. ಪೂರ್ತಿ ಕುಕ್ಕರಿಸಿ ಎದ್ದರೆ ಹತ್ತು ಬಸ್ಕಿಗೇ ಮೊಣಕಾಲು ಮಾತಾಡುತ್ತದೆ. ಮೊಣಕಾಲು ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚು ಎಂಬುದೇ ಇದರ ಗುಟ್ಟು.

ಏಕೆ ಹಾಗೆ? ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪನ್ನು ಮೇಲಕ್ಕೆ ಎಳೆಯುತ್ತದೆ. ಚಿಪ್ಪಿನ ಕೆಳಗಿರುವ ಗಟ್ಟಿಯಾದ ಪಟ್ಟಿ ಅದನ್ನು ಕೆಳಗಿನ ಕಾಲಿನ ಮೂಳೆಯತ್ತ ಎಳೆಯುತ್ತದೆ. ಕಾಲು ನೇರವಾಗಿದ್ದಾಗ ಈ ಎರಡು ಎಳೆತಗಳೂ ಒಂದೇ ಗೆರೆಯಲ್ಲಿ ಎದುರುಬದುರಾಗಿ ಇರುತ್ತವೆ. ಹಾಗಾಗಿ ಚಿಪ್ಪನ್ನು ಒಳಕ್ಕೆ ಒತ್ತುವ ಬಲ ಅಲ್ಪ. ಕಾಲು ಮಡಚಿದಾಗ ಎರಡೂ ಎಳೆತಗಳು ಕೋನದಲ್ಲಿ ಬರುತ್ತವೆ. ಅವುಗಳ ಫಲಿತ ಬಲ ಚಿಪ್ಪನ್ನು ತೊಡೆಮೂಳೆಯ ತುದಿಗೆ ಒತ್ತುತ್ತದೆ. ಬಲಗಳ ಸಮಾಂತರ ಚತುರ್ಭುಜ ನಿಯಮ ಓದಿದ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು.

ಒಂದು ಹಗ್ಗವನ್ನು ಹೆಬ್ಬೆರಳಿನ ಮೇಲೆ ಹಾಯಿಸಿ ಎರಡೂ ತುದಿಗಳನ್ನು ಸಮನಾಗಿ ಎಳೆಯಲು ಗೆಳೆಯನಿಗೆ ಹೇಳಿ. ಹಗ್ಗ ನೇರಕ್ಕಿಂತ 30 ಡಿಗ್ರಿ ಮಾತ್ರ ಬಾಗಿದ್ದರೆ ಬೆರಳಿನ ಮೇಲೆ ಬೀಳುವ ಬಲ ಎಳೆತದ ಅರ್ಧದಷ್ಟು. 60 ಡಿಗ್ರಿ ಬಾಗಿದ್ದರೆ ಎಳೆತದಷ್ಟೇ. 90 ಡಿಗ್ರಿಗೆ ಎಳೆತದ 1.4 ಪಟ್ಟು. ಎಳೆತ ಬದಲಾಗಿಲ್ಲ, ಬಾಗು ಮಾತ್ರ ಬದಲಾಗಿದೆ, ಆದರೂ ಒತ್ತಡ ಏರಿತು. ನಿಜವಾದ ಮೊಣಕಾಲು ಹಗ್ಗಕ್ಕಿಂತ ಜಟಿಲವಾದದ್ದು ನಿಜ, ಆದರೆ ಮೂಲತತ್ತ್ವ ಇದೇ.

ಈಗ ಸೈಕಲ್ಲಿಗೆ ಬನ್ನಿ. ಸೀಟು ತಗ್ಗಿದ್ದರೆ ಪೆಡಲ್ಲಿನ ಇಡೀ ಸುತ್ತಿನಲ್ಲಿ ಮೊಣಕಾಲು ಬೇಕಾದ್ದಕ್ಕಿಂತ ಹೆಚ್ಚು ಮಡಚಿಯೇ ಇರುತ್ತದೆ. ನೋವು ಮೊಣಕಾಲಿನ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ಕಾಣಿಸಿಕೊಳ್ಳುತ್ತದೆ. ಸೀಟು ತೀರಾ ಎತ್ತರವಿದ್ದರೆ ಕಥೆ ಉಲ್ಟಾ. ಪೆಡಲ್ ಕೆಳಗೆ ಹೋದಾಗ ಕಾಲು ಎಳೆದು ಎಟುಕಿಸಬೇಕು. ಮೊಣಕಾಲಿನ ಹಿಂಭಾಗದ ಸ್ನಾಯುಗಳಿಗೆ ಜಗ್ಗಾಟ. ಎಟುಕದೆ ಸೊಂಟವನ್ನು ಆ ಕಡೆ ಈ ಕಡೆ ಹೊರಳಿಸುವುದರಿಂದ ಬೆನ್ನು ನೋವು, ಸೀಟಿಗೆ ಉಜ್ಜಿ ಗಾಯ. ಸೈಕಲ್ ಪಟುಗಳ ನಡುವೆ ಇದಕ್ಕೊಂದು ಸರಳ ಸೂತ್ರವಿದೆ. ಮೊಣಕಾಲಿನ ಮುಂದೆ ನೋವಾದರೆ ಸೀಟು ಏರಿಸಿ ನೋಡು, ಹಿಂದೆ ನೋವಾದರೆ ಇಳಿಸಿ ನೋಡು.

ಒಂದು ಹುಡುಗಿಯ ಸೀಟು

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಐದು ಕಿಲೋಮೀಟರ್ ದೂರದ ಹಳ್ಳಿಯಿಂದ ದೊಡ್ಡಪ್ಪನ ಮಗನ ಹಳೆಯ ಸೈಕಲ್ಲಿನಲ್ಲಿ ಬರುತ್ತಿದ್ದಳು. ದಸರಾ ರಜೆ ಕಳೆದ ಮೇಲೆ ವಾರಕ್ಕೆ ಎರಡು ಮೂರು ದಿನ ಗೈರುಹಾಜರು. ಅವಳ ತಂದೆ ಒಂದು ದಿನ ಶಾಲೆಗೆ ಬಂದರು.

"ಮೇಷ್ಟ್ರೇ, ಮಂಡಿ ನೋವು ಅಂತ ರಾತ್ರಿಯೆಲ್ಲ ಹೇಳ್ತಾಳೆ. ಬೆಳಗಿನ ಬಸ್ಸು ನಮ್ಮೂರಿಗೆ ಹೊತ್ತಿಗೆ ಸರಿಯಾಗಿ ಬರೋದಿಲ್ಲ. ಓದು ಸಾಕು ಮಾಡಿಸಿ ಮನೇಲೇ ಇಟ್ಕೊಳ್ಳೋಣ ಅಂತ ಅವಳ ತಾಯಿ ಅಂತಾಳೆ" ಎಂದರು.

"ಯಜಮಾನ್ರೇ, ಓದು ಬಿಡಿಸೋ ಮುಂಚೆ ಒಂದ್ಸಲ ಆ ಸೈಕಲ್ ನೋಡೋಣ ಬನ್ನಿ" ಎಂದೆ.

ಅವಳು ಆರನೆಯ ತರಗತಿಯಲ್ಲಿದ್ದಾಗ ಇಟ್ಟ ಸೀಟಿನ ಎತ್ತರ ಹಾಗೆಯೇ ಇತ್ತು. ಹುಡುಗಿ ಮಾತ್ರ ಮೂರು ವರ್ಷದಲ್ಲಿ ಚೆನ್ನಾಗಿ ಬೆಳೆದಿದ್ದಳು. ಕಪ್ಪುಹಲಗೆಯ ಮೇಲೆ ಬಳಸುವ ಮರದ ಕೋನಮಾಪಕ ತಂದು ಅಳೆದೆವು. ಪೆಡಲ್ ಅತ್ಯಂತ ಕೆಳಗಿದ್ದಾಗಲೂ ಮೊಣಕಾಲು 55 ಡಿಗ್ರಿ ಮಡಚಿಯೇ ಇತ್ತು. ಸೈಕಲ್ ಶಾಪಿನವರು ತುಕ್ಕು ಹಿಡಿದ ಕೊಳವೆಗೆ ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿ, ಮರುದಿನ ಬಿಡಿಸಿದರು. ವಾರಕ್ಕೆ ಒಂದು ಸೆಂಟಿಮೀಟರಿನಂತೆ ಐದು ವಾರಗಳಲ್ಲಿ ಐದು ಸೆಂಟಿಮೀಟರ್ ಏರಿಸಿದೆವು. ಕೋನ 35ರ ಹತ್ತಿರಕ್ಕೆ ಇಳಿಯಿತು. ಕ್ರಿಸ್‌ಮಸ್ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಅವಳ ಸಾಲು ತುಂಬತೊಡಗಿತು. ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಅವಳು ಅದೇ ಸೈಕಲ್ಲಿನಲ್ಲಿ ಬಂದಳು.

ಸೈಕಲ್ ಎಂಬುದು ಹಳ್ಳಿಯ ಹೆಣ್ಣುಮಕ್ಕಳ ಪಾಲಿಗೆ ಬರೀ ವಾಹನವಲ್ಲ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆ ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ಕರ್ನಾಟಕದಲ್ಲೂ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಇಷ್ಟು ದೂರ ಬಂದ ಮೇಲೆ ಒಂದು ಬೋಲ್ಟಿನ ಕಾರಣಕ್ಕೆ ಯಾವ ಮಗುವೂ ಮನೆಯಲ್ಲಿ ಉಳಿಯಬಾರದು.

ಅಳತೆ ಮಾಡುವ ಮೂರು ದಾರಿ

ಮೊದಲನೆಯದು ಹಿಮ್ಮಡಿಯ ಲೆಕ್ಕ. ಇದಕ್ಕೆ ಯಾವ ಸಾಧನವೂ ಬೇಡ. ಒಬ್ಬರು ಸೈಕಲ್ಲನ್ನು ನೆಟ್ಟಗೆ ಹಿಡಿದುಕೊಳ್ಳಲಿ. ಸವಾರ ಸೀಟಿನ ಮೇಲೆ ಸೊಂಟ ಓರೆಯಾಗದಂತೆ ಕುಳಿತು, ಪೆಡಲ್ಲನ್ನು ಅತ್ಯಂತ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಲಿ. ಆಗ ಮೊಣಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ಲಿನ ಮೇಲೆ ಬರುವುದರಿಂದ ಮೊಣಕಾಲಿಗೆ ತಾನಾಗಿಯೇ ಸ್ವಲ್ಪ ಮಡಿಕೆ ಸಿಗುತ್ತದೆ. ದಿನನಿತ್ಯದ ಸವಾರಿಗೆ ಇದು ಸಾಕು.

ಎರಡನೆಯದು ಟೇಪಿನ ಲೆಕ್ಕ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ದಪ್ಪ ನೋಟ್‌ಬುಕ್ಕೊಂದನ್ನು ಎರಡು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಆ ಗುರುತಿನವರೆಗಿನ ದೂರವೇ ಕಾಲಿನ ಒಳ ಅಳತೆ. ಬ್ರಿಟನ್ನಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲಿ, ಪೆಡಲ್ಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಈ ಅಳತೆಯ ಶೇಕಡಾ 109 ಇದ್ದರೆ ಒಳ್ಳೆಯದು ಎಂದು ಸೂಚಿಸಿದರು. ಇನ್ನೊಂದು ಸೂತ್ರ, ‘ಟೂರ್ ಡಿ ಫ್ರಾನ್ಸ್’ ಪಂದ್ಯವನ್ನು 1986, 1989 ಮತ್ತು 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಬರುವುದು ಪೆಡಲ್ ತಿರುಗುವ ಕೇಂದ್ರದಿಂದ ಸೀಟಿನವರೆಗಿನ ದೂರ.

ಇಲ್ಲೊಂದು ಸ್ವಾರಸ್ಯವಿದೆ. ಒಳ ಅಳತೆ 85 ಸೆಂ.ಮೀ. ಇರುವ ದೊಡ್ಡವರಿಗೆ ಮೊದಲ ಸೂತ್ರದಂತೆ ಪೆಡಲ್ಲಿನಿಂದ ಸೀಟಿಗೆ 92.7 ಸೆಂ.ಮೀ. ಬರುತ್ತದೆ. ಎರಡನೆಯದರಂತೆ 75.1 ಸೆಂ.ಮೀ., ಅದಕ್ಕೆ ಪೆಡಲ್ ತೋಳಿನ ಉದ್ದ 17 ಸೆಂ.ಮೀ. ಕೂಡಿಸಿದರೆ 92.1. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಒಳ ಅಳತೆ 72 ಸೆಂ.ಮೀ. ಇರುವ ವಿದ್ಯಾರ್ಥಿಗೆ ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ 78.5, ಎರಡನೆಯದರಲ್ಲಿ 63.6 ಮತ್ತು 17 ಕೂಡಿ 80.6. ಎರಡು ಸೆಂಟಿಮೀಟರ್ ವ್ಯತ್ಯಾಸ! ಕಾರಣ ಏನೆಂದರೆ, ಸವಾರನ ಕಾಲು ಚಿಕ್ಕದಾದರೂ ಪೆಡಲ್ ತೋಳು ಅದೇ 17 ಸೆಂಟಿಮೀಟರ್ ಇರುತ್ತದೆ. ದೊಡ್ಡವರಿಗೆಂದು ರೂಪಿಸಿದ ಸೂತ್ರವನ್ನು ಮಕ್ಕಳಿಗೆ ಕಣ್ಣುಮುಚ್ಚಿ ಹಾಕಿದರೆ ಸೀಟು ತೀರಾ ಎತ್ತರವಾದೀತು. ಸೂತ್ರ ಎಂದರೆ ದಾರಿ ತೋರಿಸುವ ಕೈಮರ. ಊರು ತಲುಪಿದೆವೋ ಇಲ್ಲವೋ ಎಂದು ನಾವೇ ನೋಡಿಕೊಳ್ಳಬೇಕು.

ಅದನ್ನು ನೋಡುವುದೇ ಮೂರನೆಯ ದಾರಿ, ಕೋನದ ಲೆಕ್ಕ. ಸವಾರ ಕುಳಿತು ಪಾದದ ಮುಂಭಾಗವನ್ನು ಅತ್ಯಂತ ಕೆಳಗಿನ ಪೆಡಲ್ಲಿನ ಮೇಲೆ ಇಡಲಿ. ಪಕ್ಕದಿಂದ, ಅದೇ ಎತ್ತರದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆಯಿರಿ. ಸೊಂಟದ ಪಕ್ಕದಲ್ಲಿ ಕೈಗೆ ತಗಲುವ ತೊಡೆಮೂಳೆಯ ಉಬ್ಬು, ಮೊಣಕಾಲಿನ ಹೊರಬದಿ, ಕಾಲಿನ ಹರಡಿನ ಮೂಳೆ, ಈ ಮೂರು ಬಿಂದುಗಳನ್ನು ಸೇರಿಸಿ ಗೆರೆ ಎಳೆದು, ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಳೆಯಿರಿ. ಪೂರ್ತಿ ನೇರವಾದ ಕಾಲು 180 ಡಿಗ್ರಿ. ಅದಕ್ಕಿಂತ 25ರಿಂದ 35 ಡಿಗ್ರಿ ಕಡಿಮೆ, ಅಂದರೆ 145ರಿಂದ 155 ಡಿಗ್ರಿಯ ನಡುವೆ ಇರಬೇಕು. ಅಮೆರಿಕದ ಹೋಮ್ಸ್, ಪ್ರೂಯಿಟ್ ಮತ್ತು ವೇಲನ್ 1994ರಲ್ಲಿ ಮೊಣಕಾಲು ನೋವಿನ ಸವಾರರಿಗಾಗಿ ಸೂಚಿಸಿದ ಮಿತಿ ಇದು. ವೃತ್ತಿಪರ ಫಿಟ್ಟರುಗಳು ಇಂದಿಗೂ ಇದನ್ನು ಬಳಸುತ್ತಾರೆ.

ಮೊಣಕಾಲಿನಾಚೆ

ಎಲ್ಲ ನೋವಿಗೂ ಸೀಟಿನ ಎತ್ತರವೇ ಕಾರಣವಲ್ಲ. ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿದರೆ, ಅಂಗೈಯ ಕಿರುಬೆರಳಿನ ಬದಿಯಲ್ಲಿ ಹಾದುಹೋಗುವ ಅಲ್ನಾರ್ ಎಂಬ ನರ ಹ್ಯಾಂಡಲ್ಲಿಗೆ ಒತ್ತುತ್ತಿದೆ ಎಂದರ್ಥ. ಹ್ಯಾಂಡಲ್ ತೀರಾ ದೂರ ಅಥವಾ ತಗ್ಗಿದ್ದು ದೇಹದ ಭಾರ ಕೈಮೇಲೆ ಬಿದ್ದಿರಬಹುದು. ಸೀಟಿನ ಮೂತಿ ಕೆಳಕ್ಕೆ ವಾಲಿದ್ದರೂ ಸವಾರ ಮುಂದಕ್ಕೆ ಜಾರುತ್ತಾ ಕೈಯೂರಿ ತಡೆಯುತ್ತಿರುತ್ತಾನೆ. ಮೂತಿ ಮೇಲಕ್ಕೆ ಎದ್ದಿದ್ದರೆ ಮೃದುವಾದ ಭಾಗಗಳು ಒತ್ತಿ ಮರಗಟ್ಟುತ್ತವೆ. ಸೀಟು ಸಮತಲವಾಗಿರುವುದು ಒಳ್ಳೆಯ ಆರಂಭ. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿದರೆ ತಿಳಿಯುತ್ತದೆ. ನಾವು ಕುಳಿತಾಗ ಭಾರ ಹೊರಬೇಕಾದವು ಕುಂಡಿಯ ಒಳಗಿರುವ ಎರಡು ಮೂಳೆಗಳು. ಸೀಟು ಅವೆರಡಕ್ಕೂ ಆಸರೆ ಕೊಡುವಷ್ಟು ಅಗಲವಿರಬೇಕು. ಮೆತ್ತಗಿದ್ದ ಮಾತ್ರಕ್ಕೆ ಸೀಟು ಒಳ್ಳೆಯದಲ್ಲ.

ಕುತ್ತಿಗೆ, ಭುಜ ನೋಯುತ್ತಿದ್ದರೆ ಮೊಣಕೈ ಗಮನಿಸಿ. ಅದು ಸ್ವಲ್ಪ ಮಡಚಿ ಸಡಿಲವಾಗಿರಬೇಕು, ಕೋಲಿನಂತೆ ಸೆಟೆದಿರಬಾರದು. ಪುಸ್ತಕದ ಚೀಲ ಬೆನ್ನಿನ ಮೇಲಿದ್ದರೆ ಅದರ ಭಾರವೂ ಸೊಂಟದ ಮೂಲಕವೇ ಸೀಟಿಗೆ ಇಳಿಯಬೇಕು. ಕ್ಯಾರಿಯರ್ ಇರುವುದೇ ಚೀಲಕ್ಕಾಗಿ. ಇನ್ನು ಚಕ್ರದ ಗಾಳಿ ಕಡಿಮೆಯಿದ್ದು ಚೈನು ಎಣ್ಣೆ ಕಾಣದೆ ಕಿರುಗುಟ್ಟುತ್ತಿದ್ದರೆ, ಆ ಹೆಚ್ಚಿನ ಬಲವನ್ನೆಲ್ಲ ಕೊಡಬೇಕಾದದ್ದು ಮೊಣಕಾಲೇ.

ವೃತ್ತಿಪರರು ಏನು ಮಾಡುತ್ತಾರೆ?

ಫಿಟ್ಟರ್ ಮೊದಲು ಸೈಕಲ್ಲನ್ನು ಮುಟ್ಟುವುದಿಲ್ಲ, ಸವಾರನನ್ನು ಮಾತನಾಡಿಸುತ್ತಾನೆ. ಎಲ್ಲಿ ನೋವು, ಎಷ್ಟು ದೂರ ಹೋದ ಮೇಲೆ, ಹಿಂದೆ ಪೆಟ್ಟಾಗಿತ್ತೇ ಎಂದು ಕೇಳುತ್ತಾನೆ. ಸವಾರ ಬಗ್ಗಿ ಕಾಲ್ಬೆರಳು ಮುಟ್ಟಬಲ್ಲನೇ, ಎರಡು ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿದೆಯೇ ಎಂದು ನೋಡುತ್ತಾನೆ. ಆಮೇಲೆ ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ಸವಾರನನ್ನು ತುಳಿಯಲು ಹೇಳಿ, ತುಳಿಯುತ್ತಿರುವಾಗಲೇ ಕೋನಗಳನ್ನು ಅಳೆಯುತ್ತಾನೆ. ಕೆಲವರು ಕೀಲುಗಳಿಗೆ ಗುರುತು ಅಂಟಿಸಿ ಕ್ಯಾಮೆರಾದಲ್ಲಿ ಚಲನೆಯನ್ನು ಹಿಡಿಯುತ್ತಾರೆ. ಕೊನೆಗೆ ಸೀಟಿನ ಎತ್ತರ, ಹಿಂದು ಮುಂದು, ಓರೆ, ಹ್ಯಾಂಡಲ್ಲಿನ ದೂರ, ಎತ್ತರ, ಪಾದದ ಸ್ಥಾನ ಎಲ್ಲವನ್ನೂ ಹೊಂದಿಸಿ ಅಳತೆಗಳನ್ನು ಬರೆದುಕೊಡುತ್ತಾನೆ. ಇದಕ್ಕೆ ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಶಾಲೆಗೆ ಹೋಗಿಬರುವ ಮಗುವಿಗೆ ಇದು ಅಗತ್ಯವಿಲ್ಲ. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳಂತೆ ಸೈಕಲ್ ಪಂದ್ಯಗಳಿಗೆ ತಯಾರಾಗುವವರಿಗೆ, ವಾರಾಂತ್ಯದಲ್ಲಿ ನೂರಾರು ಕಿಲೋಮೀಟರ್ ಹೋಗುವ ದೊಡ್ಡವರಿಗೆ, ಮನೆಯಲ್ಲಿ ಹೊಂದಿಸಿದರೂ ನೋವು ಬಿಡದವರಿಗೆ ಇದು ಸಾರ್ಥಕವಾದ ಖರ್ಚು.

ಒಮ್ಮೆ ಹೊಂದಿಸಿದರೆ ಜೀವನಪೂರ್ತಿ ಆಯಿತು ಎಂದೂ ಅಲ್ಲ. ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಐದು ಬಾರಿ ಗೆದ್ದ ಮಹಾನ್ ಪಟು. 1969ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲ್ವಾ ಎಂಬಲ್ಲಿ ಆದ ಭೀಕರ ಅಪಘಾತದಲ್ಲಿ ಅವರ ಮುಂದೆ ಮೋಟಾರು ಬಂಡಿ ಓಡಿಸುತ್ತಿದ್ದಾತ ತೀರಿಕೊಂಡ, ಮರ್ಕ್ಸ್ ಅವರ ಸೊಂಟಕ್ಕೆ ಪೆಟ್ಟಾಯಿತು. ಆ ಬಳಿಕ ನೋವು ಅವರನ್ನು ಬಿಡಲಿಲ್ಲ. ಸೀಟಿನ ಎತ್ತರವನ್ನು ಅವರು ಪದೇ ಪದೇ, ಪಂದ್ಯದ ನಡುವೆ ಕೂಡ, ಬದಲಿಸುತ್ತಿದ್ದರು. ಆದರೂ ಐದರಲ್ಲಿ ನಾಲ್ಕು ಗೆಲುವು ಬಂದದ್ದು ಆ ಅಪಘಾತದ ನಂತರವೇ. ದೇಹ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಪೋಷಕರಿಗೆ ನಾಲ್ಕು ಮಾತು

ಮಕ್ಕಳ ದೇಹವಂತೂ ಪ್ರತಿ ತಿಂಗಳೂ ಬದಲಾಗುತ್ತಿರುತ್ತದೆ. ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ವರ್ಷಕ್ಕೆ ಎಂಟು ಒಂಬತ್ತು ಸೆಂಟಿಮೀಟರ್ ಎತ್ತರವಾಗುವುದುಂಟು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಸೀಟಿನ ಎತ್ತರ ಪರೀಕ್ಷಿಸಿ. ಒಮ್ಮೆಗೇ ಏರಿಸಬೇಡಿ, ವಾರಕ್ಕೆ ಅರ್ಧ ಅಥವಾ ಒಂದು ಸೆಂಟಿಮೀಟರ್ ಸಾಕು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯ ನಿಯಮವೂ ಅದೇ.

ಸೀಟು ಸರಿಯಾದ ಎತ್ತರದಲ್ಲಿದ್ದಾಗ ಕುಳಿತಲ್ಲಿಂದಲೇ ಪಾದ ಪೂರ್ತಿ ನೆಲಕ್ಕೆ ತಾಗುವುದಿಲ್ಲ, ಕಾಲ್ಬೆರಳು ಮಾತ್ರ ತಾಗುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಮೊದಲು ಮೈದಾನದಲ್ಲಿ ಅಭ್ಯಾಸ ಮಾಡಿಸಿ. ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಧೈರ್ಯ ಬರುವವರೆಗೆ ಸೀಟು ತಗ್ಗಿರುವುದೇ ಕ್ಷೇಮ. ಸೀಟಿನ ಕೊಳವೆಯ ಮೇಲೆ ಎಲ್ಲಿಯವರೆಗೆ ಎಳೆಯಬಹುದು ಎಂಬ ಗುರುತು ಕೆತ್ತಿರುತ್ತಾರೆ. ಆ ಗೆರೆ ಹೊರಗೆ ಕಾಣುವಷ್ಟು ಏರಿಸಿದರೆ ಕೊಳವೆ ಮುರಿಯುವ ಅಪಾಯವಿದೆ. ಅಷ್ಟು ಏರಿಸಬೇಕಾದ ದಿನ ಬಂದರೆ ಆ ಸೈಕಲ್ ಮಗುವಿಗೆ ಚಿಕ್ಕದಾಯಿತು ಎಂದು ತಿಳಿಯಿರಿ.

ಕೊನೆಯದಾಗಿ, ಎಲ್ಲವನ್ನೂ ಸೀಟಿನ ತಲೆಗೆ ಕಟ್ಟಬೇಡಿ. ಬೆಳೆಯುವ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗೆ, ಮೂಳೆಯ ಉಬ್ಬಿನ ಮೇಲೆ ನೋವು ಬರುವ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆ ಇದೆ. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರೇ ಅದಕ್ಕೆ ನಿಂತಿದೆ. ಬೆಳವಣಿಗೆ ಮುಗಿದಂತೆ ಅದು ಸಾಮಾನ್ಯವಾಗಿ ತಗ್ಗುತ್ತದೆ, ಆದರೆ ವೈದ್ಯರ ಸಲಹೆ ಬೇಕು. ಕೀಲು ಊದಿಕೊಂಡರೆ, ಕುಂಟುತ್ತಿದ್ದರೆ, ಜ್ವರವಿದ್ದರೆ, ಸೈಕಲ್ ತುಳಿಯದ ದಿನವೂ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಸ್ಪ್ಯಾನರ್ ಕೆಳಗಿಟ್ಟು ಡಾಕ್ಟರ ಬಳಿಗೆ ಹೋಗಿ.

ಇನ್ನು ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ. ಮನೆಯಲ್ಲಿ ಎಷ್ಟು ಜನ ಸೈಕಲ್ ತುಳಿಯುತ್ತಾರೋ ಅಷ್ಟೂ ಜನರ ಒಳ ಅಳತೆ ತೆಗೆದು, ಸೀಟಿನ ಎತ್ತರ ಮತ್ತು ಮೊಣಕಾಲಿನ ಕೋನವನ್ನು ಒಂದು ಕೋಷ್ಟಕದಲ್ಲಿ ಬರೆಯಿರಿ. ಪೆಡಲ್ ತೋಳು 17 ಸೆಂ.ಮೀ. ಇದ್ದಾಗ ಮೇಲೆ ಹೇಳಿದ ಎರಡು ಸೂತ್ರಗಳೂ ಒಂದೇ ಉತ್ತರ ಕೊಡುವ ಒಳ ಅಳತೆ ಎಷ್ಟು? ಒಂದು ಸುಲಭ ಸಮೀಕರಣ ಬಿಡಿಸಿದರೆ ಸಿಗುತ್ತದೆ. 82ರ ಆಸುಪಾಸಿನಲ್ಲಿ ಬಂದರೆ ನಿಮ್ಮ ಲೆಕ್ಕ ಸರಿ. ಲೆಕ್ಕ ಮುಗಿದ ಮೇಲೆ ಸ್ಪ್ಯಾನರ್ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಆ ಬೋಲ್ಟು ತಿರುಗುತ್ತದೆಯೋ ಇಲ್ಲವೋ ಮೊದಲು ನೋಡಿ.